ಎಂದಿನಿಂದ? ‘ಸಿನ್ಸ್’ ಎಂಬ ಪದಕ್ಕೆ ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
‘ಸಿನ್ಸ್’ ಎಂಬ ಇಂಗ್ಲಿಷ್ ಪದ

ವಿಷಯ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳ ನೋಟ್‌ಬುಕ್ಕಿನಲ್ಲಿಯೂ ದೊಡ್ಡವರ ಅರ್ಜಿಗಳಲ್ಲಿಯೂ ತಮ್ಮ ಬಳಕೆಯ ಕುರಿತು.

ಮಾನ್ಯರೇ,

ನಾನು ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ನಮ್ಮವರು ನಿಮ್ಮ ವಿಷಯದಲ್ಲಿ ಮಾಡುವ ತಪ್ಪು ಬಹುಮಟ್ಟಿಗೆ ಒಂದೇ. ಆದರೆ ಅದು ಎಂಟನೇ ಕ್ಲಾಸಿನಲ್ಲಿ ಹತ್ತಿಕೊಂಡರೆ ಬೆಂಗಳೂರಿನ ಕಂಪನಿಯ ಸಂದರ್ಶನದವರೆಗೂ ಬಿಡುವುದಿಲ್ಲ. ‘ಐ ಆಮ್ ಲಿವಿಂಗ್ ಇನ್ ಹೊಸನಗರ ಸಿನ್ಸ್ ಫೈವ್ ಇಯರ್ಸ್.’ ಮೇಷ್ಟರು ಕೆಂಪು ಶಾಯಿಯಲ್ಲಿ ನಿಮ್ಮನ್ನು ಹೊಡೆದು ‘ಫಾರ್’ ಎಂದು ಬರೆಯುತ್ತಾರೆ. ಏಕೆ ಎಂದು ಹುಡುಗ ಕೇಳುವುದಿಲ್ಲ, ಮೇಷ್ಟರಿಗೂ ಹೇಳಲು ಪುರುಸೊತ್ತಿಲ್ಲ. ಮುಂದಿನ ವಾರ ಅದೇ ತಪ್ಪು, ಅದೇ ಶಾಯಿ. ಈ ಪತ್ರ ನಿಮ್ಮ ಹೆಸರಿಗೆ ಬರೆದಿದ್ದರೂ ಬಹಿರಂಗವಾಗಿ ಬರೆಯುತ್ತಿರುವುದು ಆ ಹುಡುಗನೂ ಮೇಷ್ಟರೂ ಓದಲಿ ಎಂದೇ.

ಮೊದಲು ಹುಡುಗನ ಪರವಾಗಿ ಒಂದು ಮಾತು. ‘ಐದು ವರ್ಷದಿಂದ ಹೊಸನಗರದಲ್ಲಿದ್ದೇನೆ’ ಎನ್ನುವುದು ಶುದ್ಧ ಕನ್ನಡ. ನಮ್ಮ ‘ಇಂದ’ ಬಹಳ ಕೆಲಸ ಮಾಡುವ ಪ್ರತ್ಯಯ. ಸಾಗರದಿಂದ ಬಸ್ಸು ಹೊರಡುತ್ತದೆ, ಕತ್ತಿಯಿಂದ ಕೊಯ್ಯುತ್ತೇವೆ, ಮಳೆಯಿಂದ ಅಡಿಕೆಗೆ ಕೊಳೆ ರೋಗ ಬರುತ್ತದೆ. ಸೋಮವಾರದಿಂದ ಜ್ವರ, ನಾಲ್ಕು ದಿನದಿಂದ ಜ್ವರ. ಕೊನೆಯ ಎರಡನ್ನು ನೋಡಿ. ಒಂದರಲ್ಲಿ ಜ್ವರ ಶುರುವಾದ ದಿನ ಇದೆ, ಇನ್ನೊಂದರಲ್ಲಿ ಜ್ವರ ಎಷ್ಟು ದಿನದ್ದೆಂಬ ಲೆಕ್ಕ ಇದೆ. ಕನ್ನಡ ಎರಡಕ್ಕೂ ಒಂದೇ ‘ಇಂದ’ ಹಚ್ಚುತ್ತದೆ, ಯಾರಿಗೂ ಗೊಂದಲವಾಗುವುದಿಲ್ಲ. ಹಿಂದಿಯ ‘ಸೇ’ ಕೂಡ ಹೀಗೇ. ನಿಮ್ಮ ಹತ್ತಿರದ ಬಂಧುವಾದ ಜರ್ಮನ್ ಭಾಷೆಯ ‘ಝೈಟ್’ ಕೂಡ ‘1964ರಿಂದ’ ಎನ್ನುವುದಕ್ಕೂ ‘ಮೂರು ವರ್ಷದಿಂದ’ ಎನ್ನುವುದಕ್ಕೂ ಬರುತ್ತದೆ, ಅದೂ ವರ್ತಮಾನ ಕಾಲದ ಕ್ರಿಯಾಪದದ ಜೊತೆಗೆ. ಫ್ರೆಂಚಿನ ‘ದಪ್ವಿ’ಯದೂ ಅದೇ ರೀತಿ. ಹಾಗಾಗಿ ಹೊಸನಗರದ ಹುಡುಗ ಬರೆದದ್ದು ಬರ್ಲಿನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಹುಟ್ಟಿದವನು ಇಂಗ್ಲಿಷ್ ಕಲಿಯುವಾಗ ಬರೆಯುವಂಥದ್ದೇ. ಅವನ ಬುದ್ಧಿಯಲ್ಲಿ ಏನೂ ದೋಷವಿಲ್ಲ. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳ ಮುಖ ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ಬೇರೆಯಾಗಿರುವವರು ನೀವು. ನಿಮ್ಮ ಹುಟ್ಟು ಗೊತ್ತಾದರೆ ಆ ಬೇರೆತನವೂ ಅರ್ಥವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ನೀವು ‘ಅದಾದ ಮೇಲೆ’ ಎಂಬ ಅರ್ಥದ ಪದವಾಗಿದ್ದಿರಿ. ಆಮೇಲೆ ‘ಸಿದೆನ್ಸ್’ ಆಗಿ, ಸವೆದು ಸವೆದು ‘ಸಿನ್ಸ್’ ಆದಿರಿ. ಕೊನೆಯ ಆ ‘ಸ್’ ಸದ್ದು ‘ವನ್ಸ್’, ‘ಟ್ವೈಸ್’ ಎಂಬ ಪದಗಳಿಗೆ ಹತ್ತಿಕೊಂಡದ್ದೇ. ಅಂದರೆ ನಿಮ್ಮ ಹೊಟ್ಟೆಯಲ್ಲಿ ಒಂದು ‘ಅದು’ ಇದೆ. ಅದಾದ ಮೇಲೆ ಎನ್ನಬೇಕಾದರೆ ಮೊದಲು ‘ಅದು’ ಬೇಕು: ಒಂದು ದಿನ, ಒಂದು ಇಸವಿ, ಒಂದು ಮದುವೆ, ಒಂದು ಸಾವು, ಒಂದು ಮಳೆ. ‘ಐದು ವರ್ಷ’ ಎನ್ನುವುದು ಘಟನೆಯಲ್ಲ, ಅಳತೆ. ಅಳತೆಯಾದ ಮೇಲೆ ಎಂದರೆ ಅರ್ಥವಿಲ್ಲ. ಆದ್ದರಿಂದ ಅದಕ್ಕೆ ‘ಫಾರ್’.

ಕನ್ನಡದಲ್ಲಿ ಇದನ್ನು ಪರೀಕ್ಷಿಸಿ ನೋಡಲು ಒಂದು ಉಪಾಯವಿದೆ. ನಮ್ಮ ಹಳಬರ ಬಾಯಲ್ಲಿ, ಶ್ಯಾನುಭೋಗರ ಕಡತಗಳಲ್ಲಿ ‘ಲಾಗಾಯ್ತು’ ಎಂಬ ಮಾತಿತ್ತು. ಈಗಲೂ ಸಹಕಾರ ಸಂಘದ ಹಿರಿಯ ಗುಮಾಸ್ತರು ‘ಏಪ್ರಿಲ್ ಲಾಗಾಯ್ತು ಬಾಕಿ’ ಎನ್ನುತ್ತಾರೆ. ಸೋಮವಾರ ಲಾಗಾಯ್ತು, 1964 ಲಾಗಾಯ್ತು, ಅಪ್ಪ ಹೋದ ಲಾಗಾಯ್ತು – ಎಲ್ಲವೂ ಕಿವಿಗೆ ಸರಿ. ‘ನಾಲ್ಕು ದಿನ ಲಾಗಾಯ್ತು’ ಎಂದು ಹೇಳಿ ನೋಡಿ, ನಾಲಿಗೆಯೇ ತಡೆಯುತ್ತದೆ. ‘ಇಂದ’ ತೆಗೆದು ‘ಲಾಗಾಯ್ತು’ ಇಟ್ಟಾಗ ಮಾತು ನಿಂತರೆ ಅಲ್ಲಿಗೆ ‘ಸಿನ್ಸ್’, ಬಿದ್ದರೆ ‘ಫಾರ್’. ‘ಆರಭ್ಯ’ ಎಂಬ ಪದ ಬಲ್ಲವರು ಅದನ್ನೇ ಇಟ್ಟುಕೊಳ್ಳಬಹುದು. ‘ಹುಟ್ಟಿದಾರಭ್ಯ’ ಎನ್ನುತ್ತೇವೆ, ‘ಹತ್ತು ವರ್ಷದಾರಭ್ಯ’ ಎನ್ನುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ನೀವು ಹಿಂದಕ್ಕೆ ಮಾತ್ರ ನೋಡುತ್ತೀರಿ, ಮುಂದಕ್ಕಲ್ಲ. ‘ನಾಳೆಯಿಂದ ಪರೀಕ್ಷೆ’ ಎನ್ನುವ ಕಡೆ ನಿಮಗೆ ಕೆಲಸವಿಲ್ಲ, ಅಲ್ಲಿ ‘ಫ್ರಮ್’ ಬರಬೇಕು.

ಮಕ್ಕಳನ್ನು ನಿಜವಾಗಿ ದಾರಿ ತಪ್ಪಿಸುವುದು ‘ಲಾಸ್ಟ್’ ಎಂಬ ಪದ. ‘ಸಿನ್ಸ್ ಲಾಸ್ಟ್ ವೀಕ್’ ಸರಿ, ‘ಸಿನ್ಸ್ ಒನ್ ವೀಕ್’ ತಪ್ಪು, ‘ಸಿನ್ಸ್ ದ ಲಾಸ್ಟ್ ತ್ರೀ ವೀಕ್ಸ್’ ಕೂಡ ತಪ್ಪು. ಕಳೆದ ವಾರ ಎಂದರೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಜಾಗ. ಕಳೆದ ಮೂರು ವಾರ ಎಂದರೆ ಬೆರಳನ್ನು ಎಳೆದುಕೊಂಡು ಬರಬೇಕು. ಎಳೆಯಬೇಕಾದಲ್ಲಿ ‘ಫಾರ್’.

ಮಲೆನಾಡಿನವರಿಗೆ ಈ ಬೆರಳಿಡುವ ವಿದ್ಯೆ ಹೊಸದಲ್ಲ. ನಮ್ಮಲ್ಲಿ ಮಳೆಗಾಲವನ್ನು ಜೂನ್, ಜುಲೈ ಎಂದು ಎಣಿಸುವವರಿಗಿಂತ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಎಣಿಸುವವರು ಇನ್ನೂ ಇದ್ದಾರೆ. ಒಮ್ಮೆ ಒಬ್ಬ ಹುಡುಗಿ ಬೋರ್ಡಿನ ಮೇಲೆ ‘ಇಟ್ ಈಸ್ ರೈನಿಂಗ್ ಸಿನ್ಸ್ ಟೂ ವೀಕ್ಸ್’ ಎಂದು ಬರೆದಳು. ಮನೆಯಲ್ಲಿ ಅಜ್ಜಿ ಇದನ್ನೇ ಹೇಗೆ ಹೇಳುತ್ತಾಳೆ ಎಂದು ಕೇಳಿದೆ. ‘ಆರಿದ್ರೆ ಹಿಡಿದಾಗಿಂದ ಬಿಟ್ಟಿಲ್ಲ ಅಂತಾಳೆ’ ಎಂದಳು. ಅಜ್ಜಿಯ ಮಾತಿನಲ್ಲಿ ನಿಮಗೆ ಬೇಕಾದ ‘ಅದು’ ಆಗಲೇ ಇತ್ತು. ‘ಹಿಡಿದಾಗಿಂದ’ ಎನ್ನುವಾಗ ಮಳೆ ಹಿಡಿದ ಗಳಿಗೆಯೇ ಆರಂಭ. ಹುಡುಗಿ ಚಾಕ್‌ಪೀಸ್ ತೆಗೆದುಕೊಂಡು ತಾನೇ ತಿದ್ದಿದಳು: ‘ಇಟ್ ಹ್ಯಾಸ್ ಬೀನ್ ರೈನಿಂಗ್ ಸಿನ್ಸ್ ಆರಿದ್ರಾ.’ ಕ್ರಿಯಾಪದವನ್ನೂ ತಿದ್ದಿದ್ದಳು, ಅದೂ ನಾನು ಹೇಳದೆ.

ಕ್ರಿಯಾಪದದ್ದೇ ಇನ್ನೊಂದು ದೊಡ್ಡ ಕಷ್ಟ. ನೀವು ಒಬ್ಬರೇ ಬರುವುದಿಲ್ಲ, ಜೊತೆಗೆ ‘ಹ್ಯಾವ್’ ಅಥವಾ ‘ಹ್ಯಾಸ್’ ಅನ್ನು ಕರೆತರುತ್ತೀರಿ. ಕನ್ನಡದಲ್ಲಿ ‘ಅವರು ನನಗೆ 2015ರಿಂದ ಗೊತ್ತು’ ಎಂದರೆ ಮುಗಿಯಿತು. ‘ಗೊತ್ತು’ ಎಂಬುದಕ್ಕೆ ಕಾಲದ ಹಂಗೇ ಇಲ್ಲ. ಅದನ್ನು ‘ಐ ನೋ ಹಿಮ್ ಸಿನ್ಸ್ 2015’ ಎಂದು ಇಳಿಸಿದರೆ ಇಂಗ್ಲಿಷ್ ಒಪ್ಪುವುದಿಲ್ಲ. ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2015’ ಎನ್ನಬೇಕು. ಅಂದು ಶುರುವಾದದ್ದು ಇಂದಿಗೂ ಇದೆ ಎನ್ನುವ ಎರಡು ತುದಿಗಳನ್ನು ಆ ‘ಹ್ಯಾವ್’ ಹಿಡಿದುಕೊಂಡಿರುತ್ತದೆ. ಇದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ವಿಷಯ ಎಂದು ನನಗೆ ತಿಳಿದದ್ದು ಶಾಲೆಯ ಹೊರಗೆ.

ಇಂಗ್ಲಿಷ್ ಬಲ್ಲವರು ಕಡಿಮೆ ಇರುವ ಊರಿನಲ್ಲಿ ಇಂಗ್ಲಿಷ್ ಟೀಚರಿನ ಮನೆಗೆ ಕಾಗದಗಳು ಬರುತ್ತವೆ. ಜಮೀನಿನ ವಿಷಯವಾಗಿ ದೆಹಲಿಗೆ ಕಳಿಸಲು ಕಾಲೇಜು ಓದುವ ಮೊಮ್ಮಗ ಬರೆದ ಒಂದು ಮನವಿಯನ್ನು ‘ಸ್ವಲ್ಪ ನೋಡಿ’ ಎಂದು ತಂದಿದ್ದರು. ಅದರಲ್ಲಿ ‘ವಿ ಲಿವ್ಡ್ ಆನ್ ದಿಸ್ ಲ್ಯಾಂಡ್ ಫಾರ್ ಸಿಕ್ಸ್‌ಟಿ ಇಯರ್ಸ್’ ಎಂದಿತ್ತು. ‘ಫಾರ್’ ಸರಿಯಾಗಿಯೇ ಇತ್ತು. ಆದರೆ ‘ಲಿವ್ಡ್’ ಎಂದರೆ ಇದ್ದೆವು, ಈಗ ಇಲ್ಲ ಎಂದಾಯಿತು. ಮನೆ ಅಲ್ಲೇ ಇದೆ, ಒಲೆ ಉರಿಯುತ್ತಿದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಕಾಗದ ಮಾತ್ರ ಅವರನ್ನು ಆ ಜಾಗದಿಂದ ಎಬ್ಬಿಸಿ ಕಳಿಸಿಬಿಟ್ಟಿತ್ತು. ‘ವಿ ಹ್ಯಾವ್ ಲಿವ್ಡ್’ ಎಂದು ತಿದ್ದಿದೆ. ಆಮೇಲೆ ‘ಎಂದಿನಿಂದ ಇದ್ದೀರಿ?’ ಎಂದು ಹಿರಿಯರನ್ನು ಕೇಳಿದೆ. ‘ಮುಳುಗಡೆ ಆದಾಗಿಂದ’ ಎಂದರು. ಹಾಗೆ ವಾಕ್ಯ ‘ವಿ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ದ ಸಬ್ಮರ್ಜೆನ್ಸ್ ಆಫ್ ಅವರ್ ವಿಲೇಜ್’ ಎಂದಾಯಿತು. ಅರುವತ್ತು ವರ್ಷ ಎಂಬ ಸಂಖ್ಯೆ ಹೇಳದೆ ಉಳಿಸಿದ್ದನ್ನು ಈ ವಾಕ್ಯ ಹೇಳಿತು. ಅವರು ಅಲ್ಲಿಗೆ ಏಕೆ ಬಂದರು, ಯಾರು ಕಳಿಸಿದರು ಎಂಬುದು ಆ ಒಂದು ‘ಅದು’ವಿನೊಳಗೆ ಸೇರಿಕೊಂಡಿತು.

ನಿಮಗೆ ಈ ಸೀಮೆಯ ಪರಿಚಯ ಇರಲಾರದು, ಹೇಳುತ್ತೇನೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿಗೆ ಬಂದು ಜೋಗದಲ್ಲಿ ಧುಮುಕುತ್ತದೆ. ಮೂರೂ ತಾಲ್ಲೂಕುಗಳನ್ನು ಪೋಣಿಸಿದ್ದು ಈ ನದಿಯೇ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ನೀರಿನಡಿ ಹೋಯಿತು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಅಂಕಿ ಇದು, ಇಲ್ಲಿಯ ಮಕ್ಕಳಿಗೆ ಬಾಯಿಪಾಠ. ಆ ನೀರಿನಡಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳಿವೆ, ಗದ್ದೆಗಳಿವೆ, ತೋಟಗಳಿವೆ. ಅಲ್ಲಿಂದ ಎದ್ದ ಜನರನ್ನು ಜಿಲ್ಲೆಯ ಬೇರೆ ಬೇರೆ ಕಡೆ ಕಾಡಂಚಿಗೆ ತಂದು ಬಿಡಲಾಯಿತು. ಆಮೇಲೆ ಹೊಸನಗರದ ಕಡೆ ಚಕ್ರಾ, ಸಾವೇಹಕ್ಲು, ಮಾಣಿ ಜಲಾಶಯಗಳೂ ಬಂದವು. ಇಲ್ಲಿಯ ವಿದ್ಯುತ್ತಿನಿಂದ ಇಡೀ ನಾಡಿಗೆ ಬೆಳಕು ಬಂತು. ಬಿಟ್ಟು ಬಂದವರಲ್ಲಿ ಎಷ್ಟೋ ಮನೆಯವರು ತಾವು ಕೂತ ನೆಲದ ಹಕ್ಕುಪತ್ರಕ್ಕೆ ಇಂದೂ ಕಾಯುತ್ತಿದ್ದಾರೆ.

ಇಂಥವರನ್ನು ಕಾನೂನು ಕೇಳುವ ಪ್ರಶ್ನೆ ವ್ಯಾಕರಣದ ಪ್ರಶ್ನೆಯೇ. 2006ರ ಅರಣ್ಯ ಹಕ್ಕು ಕಾಯ್ದೆ, ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಕನಿಷ್ಠ ಮೂರು ತಲೆಮಾರು ಕಾಡಿನಲ್ಲಿ ವಾಸವಿರಬೇಕು ಎನ್ನುತ್ತದೆ. ಒಂದು ತಲೆಮಾರಿಗೆ 25 ವರ್ಷ, ಒಟ್ಟು 75. ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಅಲ್ಲಿರುವುದು ‘ಫಾರ್’. ಉದ್ದ ಅಳೆಯುವ ಪದ, ಏಕೆ ಎಂದು ಕೇಳದ ಪದ. ಮುಳುಗಡೆಯಿಂದ ಎದ್ದು ಬಂದ ಮನೆಯೊಂದು ತಾನೀಗ ಇರುವ ಜಾಗದ ಲೆಕ್ಕವನ್ನಷ್ಟೇ ಹೇಳಿದರೆ 2005ಕ್ಕೆ ಸಿಗುವುದು ನಲವತ್ತು, ನಲವತ್ತೈದು ವರ್ಷ. ಅಳತೆ ಸಾಲದು. ಸರ್ಕಾರದ ಅಣೆಕಟ್ಟಿಗೆ ಜಾಗ ಬಿಟ್ಟುಕೊಟ್ಟು ಬಂದವರು ಸರ್ಕಾರದ ಅಳತೆಗೋಲಿನಲ್ಲಿ ಗಿಡ್ಡವಾಗುತ್ತಾರೆ. ಅವರ ನ್ಯಾಯ ಇರುವುದು ‘ಎಷ್ಟು ವರ್ಷ’ ಎಂಬುದರಲ್ಲಲ್ಲ, ‘ಯಾವುದಾದ ಮೇಲೆ’ ಎಂಬುದರಲ್ಲಿ. ಸಿನ್ಸ್ ಅವರೇ, ಅವರಿಗೆ ಬೇಕಾದವರು ನೀವು. ನಿಮ್ಮನ್ನು ಸರಿಯಾಗಿ ಕಲಿಯದೆ ‘ಸಿನ್ಸ್ ಮೆನಿ ಇಯರ್ಸ್’ ಎಂದು ಬರೆದರೆ ವ್ಯಾಕರಣ ಕೆಡುವುದರ ಜೊತೆಗೆ ಕಾಗದದಲ್ಲಿ ಅತ್ಯಂತ ಬಲವಾಗಿ ಹೇಳಬೇಕಾದ ಸಂಗತಿಯೇ ಬಿಟ್ಟುಹೋಗುತ್ತದೆ. ‘ಮೆನಿ ಇಯರ್ಸ್’ ಎಂದರೆ ಯಾವ ಅಧಿಕಾರಿಗೂ ಏನೂ ಹೇಳಿದಂತಾಗುವುದಿಲ್ಲ. ಇಸವಿ ಹೇಳಬೇಕು, ಘಟನೆ ಹೇಳಬೇಕು. ಅದೇ ಕಾಯ್ದೆಯ ನಿಯಮಗಳು ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯನ್ನೂ ಸಾಕ್ಷ್ಯವಾಗಿ ಒಪ್ಪುತ್ತವೆ. ಅಜ್ಜಿಯ ‘ಆವಾಗಿಂದ’ ಎಂಬ ಮಾತಿಗೂ ಬೆಲೆ ಇದೆ, ಯಾವ ‘ಆವಾಗ’ ಎಂದು ಕೇಳಿ ಬರೆದುಕೊಳ್ಳುವವರು ಬೇಕು. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವ ಅರ್ಜಿಯಾದ ನಮೂನೆ 57 ಕೂಡ ಒಂದು ದಿನಾಂಕದ ಮೇಲೆ ನಿಂತಿದೆ. 2005ರ ಜನವರಿ 1ಕ್ಕೆ ಮೊದಲು ಸಾಗುವಳಿ ಇತ್ತೇ ಎಂಬುದೇ ಅಲ್ಲಿಯ ಪ್ರಶ್ನೆ. ಕನ್ನಡದಲ್ಲಿ ಅರ್ಜಿ ಬರೆಯುವಾಗಲೂ ‘ತಲತಲಾಂತರದಿಂದ’ ಎಂಬ ಒಂದು ಮಾತಿಗೆ ನಮ್ಮ ಜನ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ. ಆ ಅಭ್ಯಾಸ ಬಿಡಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ಪಾಠ ಚೆನ್ನಾಗಿ ತಲೆಗೆ ಹೋದ ಹುಡುಗ ಕನ್ನಡದ ಅರ್ಜಿಯನ್ನೂ ಗಟ್ಟಿಯಾಗಿ ಬರೆಯುತ್ತಾನೆ.

ನಿಮ್ಮ ಇನ್ನೊಂದು ವಾಕ್ಯರೂಪ ಕನ್ನಡಕ್ಕೆ ಬಹಳ ಹತ್ತಿರ, ಅದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ‘ಊರು ಬಿಟ್ಟು ಅರುವತ್ತು ವರ್ಷ ಆಯಿತು’ ಎನ್ನುತ್ತೇವಲ್ಲ, ಅದು ‘ಇಟ್ ಈಸ್ ಸಿಕ್ಸ್‌ಟಿ ಇಯರ್ಸ್ ಸಿನ್ಸ್ ವಿ ಲೆಫ್ಟ್ ದ ವಿಲೇಜ್’. ಇಲ್ಲಿ ಅಳತೆಯೂ ಇದೆ, ‘ಅದು’ವೂ ಇದೆ, ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ‘ಅರುವತ್ತು ವರ್ಷ’ ನಿಮ್ಮ ಎಡಕ್ಕೆ, ‘ಊರು ಬಿಟ್ಟದ್ದು’ ನಿಮ್ಮ ಬಲಕ್ಕೆ. ನಮ್ಮ ಮಕ್ಕಳಿಗೆ ಮೊದಲು ಇದನ್ನೇ ಕಲಿಸಿದರೆ ಅಳತೆಯನ್ನು ನಿಮ್ಮ ಬಲಕ್ಕೆ ತಂದಿಡುವ ಅಭ್ಯಾಸವೇ ಹುಟ್ಟಲಾರದು.

ನಿಮ್ಮನ್ನು ‘ಫ್ರಮ್’ ಜೊತೆ ಕಲಸುವುದೂ ಉಂಟು. ಅದಕ್ಕೆ ಸಾಗರದ ಕಡೆಯ ಉದಾಹರಣೆ ಒಳ್ಳೆಯದು. ಲಿಂಗನಮಕ್ಕಿ ಹಿನ್ನೀರಿನ ಆಚೆ ಉಳಿದ ತುಮರಿ, ಸಿಗಂದೂರು ಸೀಮೆಗೆ ದಶಕಗಟ್ಟಲೆ ಲಾಂಚೇ ದಾರಿಯಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಸ್ಪತ್ರೆಯೂ ದೂರ, ಮನೆಯೂ ದೂರವಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಮಕ್ಕಳಿಗೆ ಹೀಗೆ ಬರೆಸುತ್ತೇನೆ: ಸೇತುವೆ ಇಂದಿಗೂ ತೆರೆದಿದೆ, ಆದ್ದರಿಂದ ‘ದ ಬ್ರಿಡ್ಜ್ ಹ್ಯಾಸ್ ಬೀನ್ ಓಪನ್ ಸಿನ್ಸ್ 14 ಜುಲೈ 2025.’ ಜನ ಲಾಂಚನ್ನೇ ನಂಬಿದ್ದ ಕಾಲ ಮುಗಿಯಿತು, ಆದ್ದರಿಂದ ‘ಪೀಪಲ್ ಡಿಪೆಂಡೆಡ್ ಆನ್ ದ ಲಾಂಚ್ ಫಾರ್ ಡೆಕೇಡ್ಸ್.’ ಶುರುವಿನ ಜೊತೆ ಕೊನೆಯನ್ನೂ ಹೇಳಬೇಕಾದರೆ ‘ಫ್ರಮ್’, ಅದರ ಜೊತೆ ‘ಟು’. ನಿಮಗೆ ಕೊನೆ ಇಲ್ಲ, ನಿಮ್ಮ ಇನ್ನೊಂದು ತುದಿ ಯಾವಾಗಲೂ ಈ ಹೊತ್ತಿಗೆ ಬಂದು ನಿಲ್ಲುತ್ತದೆ. ಕಥೆ ಹೇಳುವಾಗ ‘ಹ್ಯಾಡ್’ ಹಾಕಿದರೆ ಕಥೆಯ ಆ ಹೊತ್ತಿಗೆ ನಿಲ್ಲುತ್ತದೆ.

‘ಏಕೆಂದರೆ’ ಎಂಬ ಅರ್ಥದಲ್ಲಿಯೂ ನೀವು ಬರುತ್ತೀರಿ. ಅದು ಮೇಲಿನ ತರಗತಿಯವರಿಗೆ ಸಾಕು. ಇಷ್ಟು ಗೊತ್ತಿದ್ದರೆ ಆಯಿತು: ಕಾರಣ ಹೇಳುವಾಗ ನಿಮ್ಮ ಮುಂದೆ ಪೂರ್ತಿ ವಾಕ್ಯ ಬೇಕು, ಬರೀ ನಾಮಪದ ನಿಲ್ಲದು. ‘ಮಳೆಯಿಂದ ಕೊಳೆ ಬಂತು’ ಎನ್ನಲು ‘ಸಿನ್ಸ್ ರೈನ್’ ಎಂದು ಬರೆಯುವಂತಿಲ್ಲ, ಅಲ್ಲಿ ‘ಬಿಕಾಸ್ ಆಫ್ ದ ರೈನ್’ ಬೇಕು.

ಈ ನೆಲಕ್ಕೆ ಇಂಗ್ಲಿಷ್ ಪರಕೀಯವೆಂದು ನಾನು ಎಂದೂ ಒಪ್ಪಿಲ್ಲ. ಕುಪ್ಪಳಿಯ ಪುಟ್ಟಪ್ಪನವರ ಮೊದಲ ಪುಸ್ತಕವೇ ಇಂಗ್ಲಿಷ್ ಕವನಗಳದ್ದು, 1922ರ ‘ಬಿಗಿನರ್ಸ್ ಮ್ಯೂಸ್’. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಅವರು ಕನ್ನಡಕ್ಕೆ ತಿರುಗಿದರು, ಕುವೆಂಪು ಆದರು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡಿದವರು, ಬರೆದದ್ದು ಕನ್ನಡದಲ್ಲಿ. ಇಬ್ಬರಿಗೂ ಒಂದು ಭಾಷೆಯ ಬಲದಿಂದ ಇನ್ನೊಂದು ಭಾಷೆ ಬೆಳೆಯಿತು. ನಮ್ಮ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಹತ್ತು ವರ್ಷ ಇಂಗ್ಲಿಷ್ ಓದಿದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವಾಗಲೂ ನಿಮ್ಮನ್ನು ಕಂಡು ತಬ್ಬಿಬ್ಬಾಗುವುದಾದರೆ ದೋಷ ಕಲಿಸುವ ದಾರಿಯಲ್ಲಿದೆ. ಲಂಡನ್ನಿನಲ್ಲಿರುವ ಜಾನ್ ಎಷ್ಟು ವರ್ಷದಿಂದ ಪಿಯಾನೊ ನುಡಿಸುತ್ತಾನೆ ಎಂದು ಖಾಲಿ ಜಾಗ ತುಂಬಿಸುವುದರ ಬದಲು ಹೆಗ್ಗೋಡಿನ ನೀನಾಸಂ ನಾಟಕ ಸಂಸ್ಥೆ ಎಂದಿನಿಂದ ಇದೆ ಎಂದು ಕೇಳಬಹುದು. 1949 ಎನ್ನುವ ಉತ್ತರ ಸಿಕ್ಕರೆ ವ್ಯಾಕರಣದ ಜೊತೆ ಊರಿನ ಚರಿತ್ರೆಯೂ ಬಂತು. ಗೇಣಿ ರೈತರ ಕಾಗೋಡು ಸತ್ಯಾಗ್ರಹದ ಇಸವಿ 1951 ಎಂಬುದೂ ಹೀಗೆಯೇ ಮಕ್ಕಳ ಕೈಗೆ ಬರಬಹುದು. ಅಡಿಕೆಯ ಎಲೆಚುಕ್ಕಿ ರೋಗ ತಮ್ಮ ತೋಟಕ್ಕೆ ಯಾವ ಮಳೆಗಾಲದಲ್ಲಿ ಕಾಲಿಟ್ಟಿತು ಎಂದು ಅಪ್ಪನನ್ನು ಕೇಳಿ ತೋಟಗಾರಿಕೆ ಇಲಾಖೆಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯುವುದು ಪಾಠ ಪುಸ್ತಕದ ಯಾವ ಪತ್ರಲೇಖನಕ್ಕೂ ಕಡಿಮೆಯಲ್ಲ.

ಈ ಪತ್ರ ಓದುವ ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ತರಗತಿಯಲ್ಲಿ ಮುಳುಗಡೆ ಮನೆಯ ಮಕ್ಕಳಿದ್ದರೆ ಅವರ ಮನೆಯ ಹಿರಿಯರನ್ನು ಒಂದು ದಿನ ಶಾಲೆಗೆ ಕರೆಯಿರಿ. ಮಕ್ಕಳು ಕನ್ನಡದಲ್ಲಿ ಕೇಳಿ ಎರಡು ಭಾಷೆಯಲ್ಲೂ ಬರೆದುಕೊಳ್ಳಲಿ: ಯಾವಾಗ ಎದ್ದಿರಿ, ಎಲ್ಲಿಗೆ ಬಂದಿರಿ, ಈ ಮನೆಗೆ ಯಾವ ವರ್ಷ ಹೆಂಚು ಹೊದಿಸಿದಿರಿ, ಈ ಅಡಿಕೆ ಮರ ಯಾವಾಗ ನೆಟ್ಟದ್ದು. ಪ್ರತಿ ಉತ್ತರದಲ್ಲೂ ಒಂದು ‘ಸಿನ್ಸ್’ ಸಿಗುತ್ತದೆ. ಆ ಹಾಳೆಗಳನ್ನು ಎಸೆಯಬೇಡಿ, ದಿನಾಂಕ ಹಾಕಿಸಿ, ಹಿರಿಯರ ಸಹಿ ಹಾಕಿಸಿ ಮನೆಗೆ ಕೊಟ್ಟು ಕಳಿಸಿ. ಪರೀಕ್ಷೆಯಲ್ಲಿ ‘ಸಿನ್ಸ್ ಆರಿದ್ರಾ’ ಎಂದು ಬರೆದ ಮಗುವಿನ ಅಂಕ ಕಳೆಯಬೇಡಿ. ಆರಿದ್ರಾ ಎಂದರೇನು ಎಂದು ಮೌಲ್ಯಮಾಪಕರು ಕೇಳಿದರೆ ಅಡಿಟಿಪ್ಪಣಿ ನಾನೇ ಬರೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಶಿಕ್ಷಕಿ
ತೀರ್ಥಹಳ್ಳಿ